ಪೈಲವಾನನ ಮನಸ್ಸಿಗೂ ಮದ್ದಿದೆ

ಹುಬ್ಬಳ್ಳಿ, ಧಾರವಾಡ ಕೂಡಿ ಒಂದೇ ಕಾರ್ಪೊರೇಷನ್ ಆದ ವರ್ಷ. ಪಂಚಮಿ ಕುಸ್ತಿ ಹತ್ತಿರ ಬಂದಿತ್ತು. ಬೈರಿದೇವರಕೊಪ್ಪದ ಗರಡಿಮನೆಯಲ್ಲಿ ಗದ್ದಲವೋ ಗದ್ದಲ! ಆದರೆ ಊರೇ ನೆಚ್ಚಿದ ಪೈಲವಾನ ಮುರುಗೆಪ್ಪನ ಸುಳಿವಿಲ್ಲ. ಊಟ ಸೇರದು, ನಿದ್ದೆ ಹತ್ತದು, ಹಾಸಿಗೆ ಬಿಟ್ಟು ಏಳಲೊಲ್ಲ.

ಗೆಳೆಯರು ಬಂದರು. "ಮೈ ಜಡ ಆಗೇತಿ, ಸಾಮು ತಗಿಸಿದ್ರ ಎಲ್ಲಾ ಇಳೀತೈತಿ" ಎಂದು ಎಳೆದೊಯ್ದು ದಂಡ ಹೊಡೆಸಿದರು, ಬಾದಾಮಿ ಹಾಲು ಕುಡಿಸಿದರು. ಮೈ ಬೆವರಿತು. ಮನಸ್ಸು ಮುಳುಗುತ್ತಲೇ ಹೋಯಿತು.

ಒಂದು ಬೆಳಿಗ್ಗೆ ಅವನು ಹೆಂಡತಿ ದಾನವ್ವನಿಗೆ, "ನಾ ಇದ್ದು ಏನ ಮಾಡೂದೈತಿ? ಇಲ್ಲದಿದ್ರ ನಿಮಗ ಹಗುರ ಆಕ್ಕೈತಿ" ಎಂದ. ದಾನವ್ವ ತಡಮಾಡಲಿಲ್ಲ. ಅತ್ತೆಯನ್ನು ಅವನ ಬಳಿ ಕೂರಿಸಿ ಗರಡಿಮನೆಗೇ ಓಡಿದಳು! ಹೆಂಗಸರು ಹೊಸ್ತಿಲು ದಾಟದ ಜಾಗ. ಆಚೆ ನಿಂತೇ ಕೂಗಿದಳು: "ಉಸ್ತಾದರ, ಲಗೂ ಬರ್ರಿ! ನಮ್ಮವರು ಕೈ ತಪ್ಪಿ ಹೊಂಟಾರ!"

ಉಸ್ತಾದ ಅಲ್ಲಾವುದ್ದೀನ ಮಣ್ಣುಗೈಯಲ್ಲೇ ಮನೆಗೆ ಬಂದರು. ಪಕ್ಕದಲ್ಲಿ ಕುಳಿತು, "ತಮ್ಮಾ, ಸಾಯೂ ವಿಚಾರ ಬರ್ತೈತೇನು?" ಎಂದು ನೇರವಾಗಿ ಕೇಳಿದರು. ಮುರುಗೆಪ್ಪ ಹೌದೆಂದು ತಲೆಯಾಡಿಸಿ ಗಳಗಳನೆ ಅತ್ತ.

"ಏ, ಗಂಡಸಾಗಿ ಅಳತಿಯೇನೋ?" ಬಾಗಿಲಲ್ಲಿ ನಿಂತ ತಂದೆ, ಅರಳೆ ವ್ಯಾಪಾರಿ ಸಿದ್ದಪ್ಪ ಗದರಿದರು.

"ಅಳಲಿ ಬಿಡ್ರಿ ಸಾವಕಾರ್ರ," ಎಂದರು ಉಸ್ತಾದರು. "ಕುಸ್ತ್ಯಾಗ ಇವನ ಭುಜ ಜಾರಿದಾಗ ಏನ ಮಾಡಿದ್ರಿ?"

"ಮಾಡೂದೇನು? ಕುಸ್ತಿ ನಿಲ್ಲಿಸಿ ವೈದ್ಯರ ಕಡೆ ಒಯ್ದೆ."

"ಇದೂ ಬ್ಯಾನೀನ ರೀ. ಇದಕ್ಕೂ ಡಾಕ್ಟರು ಅದಾರ, ಧಾರವಾಡದಾಗ."

"ಹುಚ್ಚರ ದವಾಖಾನಿಗೇ? ಮಂದಿ ಏನಂದಾರು!"

"ಹೆಂಡತಿ ತೀರಿಕೊಂಡಾಗ ನಾನೂ ಹೋಗಿದ್ದೆ. ನನಗ ಯಾವಾಗರ ಹುಚ್ಚ ಅಂದೀರೇನು?"

"ನೀವಾ? ಊರಿಗೆಲ್ಲಾ ಪಟ್ಟು ಕಲಿಸೋ ನೀವಾ?"

"ಈ ಪಟ್ಟು ನನಗ ಬರ್ತಿರಲಿಲ್ರಿ. ಡಾಕ್ಟರು ಕಲಿಸಿದ್ರು."

ದಾನವ್ವ ಸೆರಗು ಬಿಗಿದಳು. "ಮಾವಾರ, ಮಗಾ ಬೇಕೋ ಮಂದಿ ಬೇಕೋ, ಹೇಳ್ರಿ."

ಸಿದ್ದಪ್ಪ ಮಗನನ್ನೇ ನೋಡಿದರು. ಗೂಟದ ಮೇಲಿನ ರುಮಾಲು ಎಳೆದುಕೊಂಡರು. "ಏಳೋ ಮಗನ! ಬಸ್ಸು ಬಂದೀತು!"

ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: "ಎಲ್ಲಿಗ್ರೀ ಸಾವಕಾರ್ರ, ಪ್ಯಾಟಿಗೇನು?"

"ಅಲ್ಲಪಾ, ಮನಸ್ಸಿನ ದವಾಖಾನಿಗೆ. ಮಗನ್ನ ತೋರಸಾಕ ಹೊಂಟೇನಿ!" ಇಡೀ ಬಸ್ಸಿಗೇ ಕೇಳಿಸಿತು.

ಹಿಂದಿನ ಸೀಟಿನಿಂದ ಒಬ್ಬರು ಎದ್ದು ಬಂದು ಮೆಲ್ಲನೆ, "ಯಜಮಾನ್ರ, ನನ್ನ ತಮ್ಮನೂ ಹಿಂಗ ಅದಾನ್ರಿ. ನಿಮ್ಮ ಜೋಡಿ ಬರ್ಲೇನು?" ಎಂದರು.

ಡಾಕ್ಟರು ಮುರುಗೆಪ್ಪನ ಮಾತು ಪೂರಾ ಕೇಳಿದರು, ಗುಳಿಗೆ ಕೊಟ್ಟರು, ಮತ್ತೆ ಮತ್ತೆ ಬರಹೇಳಿದರು. ಪಂಚಮಿಗೆ ಅವನು ಕಣಕ್ಕಿಳಿಯಲಿಲ್ಲ. ದೀವಳಿಗೆಯ ಹೊತ್ತಿಗೆ ಉಂಡ, ನಕ್ಕ, ಕುಸ್ತಿಯನ್ನೂ ಹಿಡಿದ. ಗೆದ್ದನೋ ಸೋತನೋ ಕೇಳಬೇಡಿ. ಇದ್ದಾನೆ!

ಅಣ್ಣಂದಿರೇ, ನಿದ್ದೆ ಕೆಟ್ಟು ಬದುಕು ಬೇಡವೆನಿಸಿದರೆ ಒಳಗೇ ನುಂಗಬೇಡಿ. ಇಂದೇ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ಅಕ್ಕತಂಗಿಯರೇ, ಅಂಥ ಮಾತು ಕಿವಿಗೆ ಬಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ದೇವರಿಗೆ ಹರಕೆ ಹೊರಿ, ಒಳ್ಳೆಯದೇ. ಜೊತೆಗೆ ಡಾಕ್ಟರನ್ನೂ ಕಾಣಿ. ಶಿವ ಕೊಟ್ಟ ಜೀವ, ಕಾಯೋಣ!