ಪರದೆ ಕೊಟ್ಟ ಮಾತು

ಗೋಕಾಕದ ಒಂದು ಕಾಲೇಜಿನಲ್ಲಿ ರಾಷ್ಟ್ರೀಯ ಸಮ್ಮೇಳನ ಆಗಬೇಕೆಂದು ಹಟ ಹಿಡಿದವರು ಚೇರ್ಮನ್ ರಾಜಪ್ಪನವರು. ಯಾವ ವಿಷಯದ ಮೇಲೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ವರ್ಷ ಹುಕ್ಕೇರಿ ಕಡೆಯ ಒಂದು ಕಾಲೇಜಿನವರು ಕಬ್ಬಿನ ರೋಗಗಳ ಮೇಲೆ ಸಮ್ಮೇಳನ ಮಾಡಿ ಪೇಪರಿನಲ್ಲಿ ಫೋಟೊ ಹಾಕಿಸಿಕೊಂಡಿದ್ದರು. ಅದಕ್ಕಿಂತ ದೊಡ್ಡದಾಗಬೇಕು, ಅಷ್ಟೇ ಅವರ ಷರತ್ತು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ಕಂಪ್ಯೂಟರ್ ವಿಭಾಗದ ದ್ರಾಕ್ಷಾಯಿಣಿ, "ಭಾಷಾ ತಂತ್ರಜ್ಞಾನದ ಮ್ಯಾಲೆ ಮಾಡೂಣ್ರಿ" ಎಂದಳು.

"ಅಂದ್ರ ಏನವಾ?"

"ಮನಷ್ಯಾರು ಮಾತಾಡಿದ್ದನ್ನ ಮಷೀನಿಗೆ ತಿಳಿಯೂಹಂಗ ಮಾಡೂದ್ರಿ."

"ಮನಷ್ಯಾರಿಗೇ ತಿಳಿಯವಲ್ದು," ಎಂದರು ರಾಜಪ್ಪ. "ಮಷೀನಿಗರೆ ತಿಳೀಲಿ. ಮಾಡು."

ದ್ರಾಕ್ಷಾಯಿಣಿ ಬೆಲ್ಲದ ಬಾಗೇವಾಡಿಯವಳು. ಮಾತನ್ನು ಕೇಳಿ ಆಗಿಂದಾಗಲೇ ಪರದೆಯ ಮೇಲೆ ಬರೆದು ತೋರಿಸುವ ಒಂದು ಯಂತ್ರವನ್ನು ಅವಳು ಕೆಲವು ವರ್ಷಗಳಿಂದ ತಿದ್ದಿ ತೀಡುತ್ತಿದ್ದಳು. ಯಂತ್ರವೆಂದರೆ ಒಂದು ಲ್ಯಾಪ್‌ಟಾಪು, ಒಂದು ಮೈಕು, ಉಳಿದದ್ದೆಲ್ಲ ಲೆಕ್ಕಾಚಾರ. ಪೇಟೆಯಲ್ಲಿ ಸಿಗುವ ಇಂಥ ಯಂತ್ರಗಳಿಗೆ ಈ ಕಡೆಯ ಕನ್ನಡ ಹಿಡಿಸುತ್ತಿರಲಿಲ್ಲ. "ಹೊಲಕ್ಕ ಹೊಂಟೇನಿ" ಎಂದರೆ ಅವು "ಹೊಲಿಗೆ ಹೊಂಡ" ಎಂದು ಬರೆಯುತ್ತಿದ್ದವು. ಅದಕ್ಕೇ ಅವಳು ತನ್ನದಕ್ಕೆ ಊರ ಮಾತನ್ನೇ ಕಲಿಸಲು ಹೊರಟಿದ್ದಳು. ಕಲಿಸಬೇಕಾದರೆ ರಾಶಿ ರಾಶಿ ಮಾತು ಬೇಕು, ಆ ಮಾತಿನ ಬರಹವೂ ಬೇಕು. ಎರಡೂ ಒಟ್ಟಿಗೆ ಎಲ್ಲಿ ಸಿಗಬೇಕು?

ಆಗ ನೆರವಿಗೆ ಬಂದವನು ಕನ್ನಡ ವಿಭಾಗದ ಉಮೇಶ. ಅವನ ಕಾಕಾನ ಮಗ ಒಂದು ಕೇಬಲ್ ಚಾನೆಲ್ ನಡೆಸುತ್ತಿದ್ದ. ಹಲವು ಚುನಾವಣೆಗಳ ಭಾಷಣಗಳು ಅಲ್ಲಿ ರೆಕಾರ್ಡಾಗಿ ಬಿದ್ದಿದ್ದವು. ಟೀವಿಯಲ್ಲಿ ಕೆಳಗೆ ಓಡಿಸುವುದಕ್ಕೆಂದು ಅಷ್ಟನ್ನೂ ಪುಸ್ತಕದ ಕನ್ನಡದಲ್ಲಿ ಟೈಪ್ ಕೂಡ ಮಾಡಿಸಿಟ್ಟಿದ್ದರು. ದ್ರಾಕ್ಷಾಯಿಣಿ ಯಾವ ಪಕ್ಷ, ಯಾವ ಊರು ಎಂದು ನೋಡದೆ ಎಲ್ಲವನ್ನೂ ಯಂತ್ರಕ್ಕೆ ಉಣಿಸಿದಳು. ಯಂತ್ರ ಮೈ ತುಂಬಿಕೊಂಡಿತು. ಉಮೇಶ ಅದರ ಮುಂದೆ ಕುಳಿತು ಪಟಪಟನೆ ಏನು ಮಾತಾಡಿದರೂ ಚೊಕ್ಕವಾಗಿ ಬರೆಯಿತು. ಇಬ್ಬರೂ ಹಿಗ್ಗಿದರು. ಆದರೆ ಉಮೇಶ ತಡೆಯದೆ ಮಾತಾಡುವ ಗಿರಾಕಿ. ನಡುನಡುವೆ ಸುಮ್ಮನಾಗುವವರು ಮೈಕಿನ ಮುಂದೆ ಬಂದರೆ ಯಂತ್ರ ಏನು ಮಾಡುತ್ತದೆಂದು ಅವರು ನೋಡಿರಲೇ ಇಲ್ಲ.

ರಾಜಪ್ಪನವರು ಸುಮ್ಮನಾಗುವುದರಲ್ಲಿ ಹೆಸರಾದವರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಒಂದು ತಗಡಿನ ಶೆಡ್ಡಿನಲ್ಲಿ ಶಾಲೆ ತೆರೆದು, ಅದನ್ನು ಕಾಲೇಜಿನವರೆಗೆ ಬೆಳೆಸಿದ ಮನುಷ್ಯ. ಮಾತು ಮಾತ್ರ ಅವರಿಗೆ ಒಲಿದಿರಲಿಲ್ಲ. ಒಂದು ವಾಕ್ಯ ಹೇಳಿ ಮುಂದಿನದಕ್ಕೆ ಚಾವಣಿ ನೋಡುವರು, ಕೆಮ್ಮುವರು, ಶಲ್ಯ ಸರಿಪಡಿಸಿಕೊಳ್ಳುವರು. ಅಷ್ಟರಲ್ಲಿ ಕೇಳುವವರು ಒಂದು ಸಣ್ಣ ನಿದ್ದೆ ಮುಗಿಸುತ್ತಿದ್ದರು. ಅವರ ಭಾಷಣಕ್ಕೆ ಚಪ್ಪಾಳೆ ಬೀಳುತ್ತಿದ್ದುದು ಒಂದೇ ಸಲ, ಮುಗಿದಾಗ.

ಸಮ್ಮೇಳನದ ದಿನ ಸಭಾಗೃಹ ತುಂಬಿತ್ತು. ಮೈಸೂರಿನಿಂದ ಪ್ರೊಫೆಸರ್ ಮಾಲಾ ಮುಖ್ಯ ಅತಿಥಿಯಾಗಿ ಬಂದಿದ್ದರು. ಗಣಕ ಭಾಷಾವಿಜ್ಞಾನದಲ್ಲಿ ದೊಡ್ಡ ಹೆಸರು, ಮೆಲುದನಿ. ಪೇಪರಿನವರು ಬಂದಿದ್ದರು. ಮುಂದಿನ ಸಾಲಿನಲ್ಲಿ ರಾಜಪ್ಪನವರ ಹೆಂಡತಿ ಗೌರಕ್ಕ ಇಳಕಲ್ ಸೀರೆ ಉಟ್ಟು ಕುಳಿತಿದ್ದರು. ಗೌರಕ್ಕನಿಗೆ ಕಿವಿ ಕೇಳದೆ ಬಹಳ ವರ್ಷವಾಗಿತ್ತು. ಕಿವಿಗೆ ಹಾಕಿಕೊಳ್ಳುವ ಮಷೀನು ಕುಂಯ್ ಎನ್ನುತ್ತದೆಂದು ಅದನ್ನು ಕಪಾಟಿನಲ್ಲಿಟ್ಟಿದ್ದರು. ಆದರೂ ಗಂಡನ ಕಾರ್ಯಕ್ರಮ ಒಂದನ್ನೂ ತಪ್ಪಿಸಿದವರಲ್ಲ. ಮಂದಿ ಚಪ್ಪಾಳೆ ತಟ್ಟಿದಾಗ ತಟ್ಟುವರು, ಎದ್ದಾಗ ಏಳುವರು.

ರಾಜಪ್ಪ ಮೈಕಿನ ಮುಂದೆ ನಿಂತರು. ಬೆನ್ನ ಹಿಂದೆ ದೊಡ್ಡ ಪರದೆ.

"ಈ ಮಷೀನು ನಮ್ಮ ಕಾಲೇಜಿನ್ಯಾಗ ಹುಟ್ಟೇತಿ," ಎಂದರು. "ನಾ ಹೇಳಿದ್ದನ್ನ ಹಂಗಿಂದ ಹಂಗ ಬರಿತೈತಿ. ಒಂದಕ್ಷರ ತಪ್ಪೂದಿಲ್ಲ."

ಅಷ್ಟೂ ಪರದೆಯ ಮೇಲೆ ತಪ್ಪಿಲ್ಲದೆ ಮೂಡಿತು. ಪೇಪರಿನವರು ಫೋಟೊ ಹೊಡೆದರು. ಪಕ್ಕದ ಮೇಜಿನ ಬಳಿ ಲ್ಯಾಪ್‌ಟಾಪು ಹಿಡಿದು ಕುಳಿತಿದ್ದ ದ್ರಾಕ್ಷಾಯಿಣಿ ನಿರಾಳವಾಗಿ ಉಸಿರು ಬಿಟ್ಟಳು.

"ಇನ್ನ ಭಾಷಾ ಅಂದ್ರ..." ಎಂದು ರಾಜಪ್ಪ ಚಾವಣಿ ನೋಡಿದರು.

ಅವರು ನಿಂತರೂ ಯಂತ್ರ ನಿಲ್ಲಲಿಲ್ಲ. ಅದಕ್ಕೆ ಗೊತ್ತಿದ್ದ ಲೋಕದಲ್ಲಿ ಮೈಕಿನ ಮುಂದೆ ನಿಂತವರು ಯಾರೂ ಸುಮ್ಮನಿರುತ್ತಿರಲಿಲ್ಲ. ಫ್ಯಾನಿನ ಸದ್ದನ್ನೇ ಮಾತೆಂದು ತಿಳಿದು ಅದು ಬರೆಯಿತು: "ನಿಮ್ಮ ಹೊಲದ ಕಡೇ ಮೂಲೆಗೂ ನೀರು ತರುತ್ತೇನೆ."

ಸಭೆ ಅದನ್ನು ಓದಿತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅದು ಮುಂದಿನವರೆಗೂ ಹಬ್ಬಿತು.

ರಾಜಪ್ಪನವರಿಗೆ ಆಶ್ಚರ್ಯವಾಯಿತು. "ಭಾಷಾ ಅಂದ್ರ" ಎಂದಷ್ಟಕ್ಕೇ ಇಷ್ಟು ಚಪ್ಪಾಳೆ. ಬಂದಿರುವವರು ತಿಳಿದ ಮಂದಿ ಎಂದುಕೊಂಡು ಅವರು ಇನ್ನೂ ಗಂಭೀರವಾಗಿ, ಇನ್ನೂ ನಿಧಾನವಾಗಿ ಮುಂದುವರಿದರು. ಮೈಸೂರಿನ ಅತಿಥಿಗಳ ಕಡೆ ತಿರುಗಿ ಕೈ ಮುಗಿದು ಕೆಮ್ಮಿದರು. "ವಿರೋಧಿಗಳ ಮಾತಿಗೆ ಕಿವಿಗೊಡಬೇಡಿ" ಎಂದಿತು ಪರದೆ. ಪ್ರೊಫೆಸರ್ ಮಾಲಾ ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಉಮೇಶಣ್ಣಾ, ಬಂದ್ ಮಾಡ್ಲೇನ್ರಿ?" ದ್ರಾಕ್ಷಾಯಿಣಿ ಗುಂಡಿಯ ಮೇಲೆ ಬೆರಳಿಟ್ಟು ಪಕ್ಕದಲ್ಲಿದ್ದ ಉಮೇಶನನ್ನು ಕೇಳಿದಳು.

"ಮಾಡಬ್ಯಾಡ್ರಿ. ಒಂದಕ್ಷರ ತಪ್ಪೂದಿಲ್ಲ ಅಂತ ಈಗಷ್ಟ ಹೇಳ್ಯಾರ. ಪೇಪರಿನವ್ರ ಮುಂದ ಅವರ ಮಾನಾ ಏನಾಗಬೇಕು?"

"ಮತ್ತ?"

"ಅವರು ತಡೀಲಾರ್ದ ಮಾತಾಡ್ಲಿ ಅಂತ ದೇವರಿಗೆ ಬೇಡಿಕೋರಿ."

ದೇವರು ಕೇಳಿಸಿಕೊಳ್ಳಲಿಲ್ಲ. ರಾಜಪ್ಪ ನೀರಿನ ಗ್ಲಾಸು ಎತ್ತಿಕೊಂಡರು. ಅವರು ನೀರು ಕುಡಿಯುವುದೂ ಭಾಷಣದ ಹಾಗೆಯೇ, ಗುಟುಕು ಗುಟುಕಾಗಿ. ಆ ಗ್ಲಾಸು ಬರಿದಾಗುವಷ್ಟರಲ್ಲಿ ಮನೆಗೊಂದು ಎಮ್ಮೆ ಬಂತು, ಘಟಪ್ರಭೆಗೆ ಹೊಸ ಸೇತುವೆ ಬಂತು, ಕೊನೆಗೆ "ಮೂಡಲಗಿಯ ಹೆಣ್ಣುಮಕ್ಕಳಿಗೆ ಸಂಜೆ ಬಸ್ ಬಿಡುತ್ತೇನೆ" ಎಂಬ ಸಾಲೂ ಬಂತು.

ಎಮ್ಮೆಗೂ ಸೇತುವೆಗೂ ಎಡಗಡೆ ಕುಳಿತಿದ್ದ ಕಾಲೇಜು ಹುಡುಗಿಯರು ನಕ್ಕು ಚಪ್ಪಾಳೆ ತಟ್ಟಿದ್ದರು. ಬಸ್ಸಿಗೆ ಮಾತ್ರ ನಗಲಿಲ್ಲ. ಎಡಗಡೆಯ ನಾಲ್ಕು ಸಾಲು ಒಟ್ಟಿಗೆ ಎದ್ದು ನಿಂತಿತು. ಯಾರೋ ಸೀಟಿ ಹೊಡೆದರು. ರಾಜಪ್ಪ ಬರಿ ಗ್ಲಾಸು ಕೈಯಲ್ಲಿ ಹಿಡಿದು, ಒದ್ದೆಯಾದ ಕಣ್ಣುಗಳಿಂದ ಸಭೆಯನ್ನು ನೋಡಿದರು. ಮುಂದೆ ಅವರಿಗೆ ಮಾತು ಹೊರಡಲಿಲ್ಲ. "ನಾನು ನಿಮ್ಮ ಮನೆಯ ಮಗ, ಕೈ ಬಿಡಬೇಡಿ" ಎಂದು ಪರದೆಯೇ ಅವರ ಭಾಷಣ ಮುಗಿಸಿತು.

ಊಟದ ಹೊತ್ತಿಗೆ ಗೌರಕ್ಕ ಗಂಡನನ್ನು ಹುಡುಕಿಕೊಂಡು ಬಂದರು. ಕಿವಿ ಕೇಳದವರಾದ್ದರಿಂದ ಅವರ ದನಿ ಯಾವಾಗಲೂ ದೊಡ್ಡದು. ರೊಟ್ಟಿ ಬಡಿಸುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಏನ್ರಿ, ಇಷ್ಟು ವರ್ಷ ನೀವು ಇಂಥಾ ಮಾತು ಆಡತಿದ್ರೇನು? ನನಗ ಗೊತ್ತಾ ಆಗಿಲ್ಲ. ಬರೇ ಕೆಮ್ಮತಾರ ಅಂತ ತಿಳದಿದ್ದೆ."

ರಾಜಪ್ಪ ನಾಚಿಕೊಂಡರು.

"ಆ ಹುಡಿಗ್ಯಾರಿಗೆ ಬಸ್ ಬಿಡ್ತೇನಿ ಅಂದ್ರೆಲಾ, ನನ್ನ ಎದಿ ತುಂಬಿ ಬಂತು."

ರಾಜಪ್ಪನವರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಅವರು ಚೇಂಬರಿಗೆ ಹೋಗುವಷ್ಟರಲ್ಲಿ ದ್ರಾಕ್ಷಾಯಿಣಿ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಪ್ರೊಫೆಸರ್ ಮಾಲಾ ಕೂಡ ಇದ್ದರು. ದ್ರಾಕ್ಷಾಯಿಣಿ ಏನೂ ಮುಚ್ಚಿಡದೆ ಹೇಳಿದಳು: ಯಂತ್ರ ಚುನಾವಣೆ ಭಾಷಣ ತಿಂದು ಬೆಳೆದದ್ದು, ಯಾರಾದರೂ ಸುಮ್ಮನಾದರೆ ತಾನೇ ಮಾತು ಹೊಸೆಯುತ್ತದೆ, ಇದನ್ನು ಮೊದಲೇ ನೋಡಿಕೊಳ್ಳದ್ದು ತನ್ನ ತಪ್ಪು.

"ಅಂದ್ರ ಮಂದಿ ಚಪ್ಪಾಳಿ ತಟ್ಟಿದ್ದು ನನ್ನ ಮಾತಿಗೆ ಅಲ್ಲ?"

ದ್ರಾಕ್ಷಾಯಿಣಿ ಮಾಲಾ ಅವರ ಕಡೆ ನೋಡಿದಳು.

"ಸರ್, ಬೇಜಾರು ಮಾಡ್ಕೋಬೇಡಿ," ಎಂದರು ಮಾಲಾ. "ಇದು ಪ್ರಪಂಚದಲ್ಲೆಲ್ಲ ಆಗ್ತಾ ಇರೋ ತೊಂದರೆ. ಆದರೆ ಇಷ್ಟು ಚೆನ್ನಾಗಿ ಆಗಿದ್ದನ್ನ ನಾನು ಎಲ್ಲೂ ನೋಡಿರಲಿಲ್ಲ. ಇದರ ಮೇಲೆ ಒಂದು ಒಳ್ಳೇ ಪ್ರಬಂಧ ಬರೀಬಹುದು."

"ಪ್ರಬಂಧ ಆಮ್ಯಾಲೆ ಬರೀರಿ ಮೇಡಮ್. ಈಗ ನೀವ ಸ್ಟೇಜಿಗೆ ಹೋಗಿ, ಮಷೀನು ತಪ್ಪು ಬರದೈತಿ ಅಂತ ಹೇಳಿಬಿಡ್ರಿ."

"ಖಂಡಿತ ಹೇಳ್ತೀನಿ. ಆದರೆ ಒಂದಕ್ಷರ ತಪ್ಪೋದಿಲ್ಲ ಅಂತ ತಾವೇ ಹೇಳಿಬಿಟ್ಟಿದ್ದೀರಲ್ಲ. ಅದನ್ನ ಮಾತ್ರ ಅದು ಸರಿಯಾಗಿ ಬರೆದಿದೆ."

ರಾಜಪ್ಪ ಕುರ್ಚಿಯಲ್ಲಿ ಕುಸಿದರು. ಯಂತ್ರ ಸರಿ ಎಂದರೆ ಎಮ್ಮೆ, ಸೇತುವೆ, ಬಸ್ಸು ಎಲ್ಲ ತಲೆಯ ಮೇಲೆ ಬರುತ್ತವೆ. ತಪ್ಪು ಎಂದರೆ ನಾಳೆಯ ಪೇಪರಿನಲ್ಲಿ ಹುಕ್ಕೇರಿ ಕಡೆಯವರು ಓದಿ ನಗುತ್ತಾರೆ.

ಅಷ್ಟರಲ್ಲಿ ಬಾಗಿಲ ಬಳಿ ಬಳೆಗಳ ಸದ್ದಾಯಿತು. ಮೂಡಲಗಿಯ ಅರ್ಚನಾ, ಕಡೇ ವರ್ಷದ ವಿದ್ಯಾರ್ಥಿನಿ, ಹಿಂದೆ ಐದಾರು ಹುಡುಗಿಯರನ್ನು ಕಟ್ಟಿಕೊಂಡು ಬಂದಿದ್ದಳು.

"ಸರ್ರ, ಬಸ್ ಯಾವಾಗಿಂದ್ರಿ?"

"ಯಾವ ಬಸ್ಸವಾ?" ಎಂದರು ರಾಜಪ್ಪ, ಸುಮ್ಮನೆ ಹೊತ್ತು ಕಳೆಯಲು.

"ನೀವು ಹೇಳಿದ್ದರಿ. ಪ್ರ್ಯಾಕ್ಟಿಕಲ್ ಮುಗಿಯೂದರಾಗ ನಮ್ಮ ಬಸ್ ಹೋಗಿರತೈತ್ರಿ. ಅರ್ಧಕ್ಕ ಬಿಟ್ಟು ಓಡತೇವಿ. ಹೋದ ಸಲ ನಾ ಒಬ್ಬಾಕೀನ ಸ್ಟ್ಯಾಂಡಿನ್ಯಾಗ ಉಳದು, ಅಪ್ಪ ಟ್ರ್ಯಾಕ್ಟರ್ ತಗೊಂಡು ಬಂದ್ರು. ಇನ್ನೊಮ್ಮೆ ಹಿಂಗಾದ್ರ ಕಾಲೇಜ ಸಾಕು ಅಂದಾರ್ರಿ."

"ಇದನ್ನ ಮೊದಲ ಯಾಕ ಹೇಳ್ಲಿಲ್ಲ?"

"ಹೇಳಾಕ ಎರಡ ಸಲ ಬಂದಿದ್ವಿರಿ. ನೀವು ಭಾಷಣದಾಗ ಇದ್ರಿ."

ಮಾಲಾ ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡರು. ರಾಜಪ್ಪ ಹುಡುಗಿಯರಿಗೆ ಸಂಜೆ ಸಭೆಗೆ ಬನ್ನಿ ಎಂದಷ್ಟೇ ಹೇಳಿ ಕಳಿಸಿದರು. ಶಲ್ಯದ ಅಂಚು ತಿರುವುತ್ತ ಕುಳಿತರು. ಆಮೇಲೆ ದ್ರಾಕ್ಷಾಯಿಣಿಯನ್ನು ಕೇಳಿದರು:

"ತಂಗಿ, ಆ ಮಷೀನು ಬಾಯಿ ಮುಚ್ಚಿಕೊಂಡು ಇರೂಹಂಗ ಮಾಡಾಕ ಬರತೈತೇನು? ನಾ ಸುಮ್ಮನಾದ್ರ ಅದೂ ಸುಮ್ಮನಾಗಬೇಕು."

"ಬರತೈತ್ರಿ. ಸಂಜೀತನಕ ಮಾಡ್ತೇನ್ರಿ. ಆದ್ರ ಮಾತು ಹಿಡಿಯೂದ್ರಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗಬಹುದ್ರಿ."

"ಆಗ್ಲಿ. ನಿಮ್ಮ ಗೌರಕ್ಕ ಮುಂದ ಕುಂತಿರತಾಳ. ನನ್ನ ಮಾತು ಆಕಿ ಪರದೆ ಮ್ಯಾಲೆ ತಾನ ಓದ್ಲಿ, ಬ್ಯಾರೆಯವ್ರು ಹೇಳೂದು ಬ್ಯಾಡ."

ದ್ರಾಕ್ಷಾಯಿಣಿ ಮಧ್ಯಾಹ್ನದ ಗೋಷ್ಠಿಗಳನ್ನೆಲ್ಲ ಬಿಟ್ಟು ಲ್ಯಾಬಿನಲ್ಲಿ ಕುಳಿತಳು. ಮೈಕಿನ ಮುಂದೆಯೂ ಮನುಷ್ಯ ಸುಮ್ಮನಿರಬಲ್ಲನೆಂದು ಯಂತ್ರವನ್ನು ನಂಬಿಸುವ ಕೆಲಸ ಉಮೇಶನ ಪಾಲಿಗೆ ಬಂತು. ಅವನು ಮೈಕಿನ ಮುಂದೆ ಸುಮ್ಮನೆ ಕೂರಬೇಕಿತ್ತು. ಅವನು ಜನ್ಮದಲ್ಲೇ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಮೊದಮೊದಲು ಪರದೆ ಎಮ್ಮೆ ಕೊಡುತ್ತಲೇ ಇತ್ತು. ಚಹದ ಹೊತ್ತು ದಾಟಿದ ಮೇಲೆ ಖಾಲಿಯಾಗಿ ನಿಂತಿತು.

ಸಮಾರೋಪಕ್ಕೆ ಬೆಳಗಿನಷ್ಟೇ ಜನ ಸೇರಿದ್ದರು. ಇನ್ನೇನು ಸಿಗುತ್ತದೋ ಎಂದು ಅಡಿಗೆಯವರೂ ಬಂದು ಗೋಡೆಗೆ ಒರಗಿದ್ದರು. ರಾಜಪ್ಪ ಈ ಸಲ ಸಭೆಯ ಕಡೆಗಲ್ಲ, ಹೆಂಡತಿಯ ಕಡೆ ನೋಡಿ ಮಾತಾಡಿದರು.

"ಮುಂಜಾನೆ ಪರದೆ ಮ್ಯಾಲೆ ಬಂದದ್ದು ನಾ ಹೇಳಿದ್ದಲ್ಲ. ಮಷೀನು ತಾನ ಬರಕೊಂಡೈತಿ. ಒಂದಕ್ಷರ ತಪ್ಪೂದಿಲ್ಲ ಅಂದಿದ್ದು ನನ್ನ ತಪ್ಪು."

ಸಾಲುಗಳು ನಿಧಾನವಾಗಿ ಮೂಡಿದವು. ಗೌರಕ್ಕ ಕನ್ನಡಕ ಸರಿಪಡಿಸಿಕೊಂಡು ಓದಿದರು. ಎಡಗಡೆಯ ನಾಲ್ಕು ಸಾಲಿನ ಹುಡುಗಿಯರ ಮುಖ ಇಳಿಯಿತು. ಅರ್ಚನಾ ಚೀಲ ಹೆಗಲಿಗೆ ಹಾಕಿಕೊಂಡಳು.

ರಾಜಪ್ಪ ಚಾವಣಿ ನೋಡಿದರು. ಪರದೆ ಖಾಲಿ ಇತ್ತು. ಆ ಮೌನ ಎಷ್ಟು ಉದ್ದವಾಯಿತೆಂದರೆ, ಉಮೇಶನೇ ಏನಾದರೂ ಹೇಳಿಬಿಡುತ್ತಾನೆಂದು ದ್ರಾಕ್ಷಾಯಿಣಿ ಅವನ ತೋಳು ಹಿಡಿದಳು.

"ಎಮ್ಮಿ ಕೊಡೂದು ನನ್ನ ಕೈಲೆ ಆಗೂದಿಲ್ಲ," ಎಂದರು ರಾಜಪ್ಪ. "ಸೇತುವಿ ಸರಕಾರ ಕಟ್ಟಬೇಕು. ಆದ್ರ ಇದನ್ನ ನಾ ಈಗ, ನನ್ನ ಬಾಯಿಲೆ ಹೇಳಾಕತ್ತೇನಿ. ಮೂಡಲಗಿಗೆ ಸಂಜೀಕ ಬಸ್ ಬಿಡ್ತೇನಿ."

ಪರದೆ ಒಂದು ಕ್ಷಣ ಯೋಚಿಸಿ ಬರೆಯಿತು: "ಮೂಡಲಗಿಗೆ ಸಂಜೆಗೆ ಬಸವ ಬಿಡುತ್ತೇನೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಕಿವಿ ಕೇಳುವವರಿಗೆ ಒಂದು ಗೊತ್ತಾಗಿತ್ತು, ಗೌರಕ್ಕನಿಗೆ ಮತ್ತೊಂದು. ಅವರು ಎದ್ದು ನಿಂತರು.

"ಏನ್ರಿ, ದೇವರ ಹೆಸರಿಲೆ ಬಸವನ್ನ ಬಿಟ್ರ ಅದು ಮಂದಿ ಹೊಲಾ ಮೇದು ಬರತೈತಿ. ಹುಡಿಗ್ಯಾರು ಅದರ ಮ್ಯಾಲೆ ಕುಂತು ಹೋಗಬೇಕೇನು? ಬಸ್ ಬಿಡ್ರಿ, ಬಸ್."

ರಾಜಪ್ಪ ಗಾಬರಿಯಿಂದ ಎರಡೂ ಕೈ ಎತ್ತಿ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿದರು. ಸಾಲದೆಂದು ಬಾಯಿಂದ ಹಾರ್ನ್ ಕೂಡ ಹೊಡೆದರು. ಗೌರಕ್ಕ ಅರ್ಥವಾಯಿತೆಂದು ತಲೆಯಾಡಿಸಿ ಕುಳಿತರು. ಆಗ ಬಿದ್ದ ಚಪ್ಪಾಳೆಗೆ ಪರದೆಯ ಹಂಗು ಇರಲಿಲ್ಲ. ರಾಜಪ್ಪನವರಿಗೆ ಅದು ಗೊತ್ತಾಯಿತು. ಅವರು ಚಪ್ಪಾಳೆ ನಿಲ್ಲುವವರೆಗೆ ಮೈಕು ಬಿಡಲಿಲ್ಲ.

ಬಸ್ಸು ಬಂದದ್ದು ದೀಪಾವಳಿ ಕಳೆದ ಮೇಲೆ. ಹಳೇ ಬಸ್ಸು, ಏರಿನಲ್ಲಿ ದಮ್ಮು ಹಿಡಿಯುತ್ತದೆ, ಆದರೆ ಪ್ರ್ಯಾಕ್ಟಿಕಲ್ ಮುಗಿಯುವವರೆಗೆ ಕಾಯುತ್ತದೆ. ಪ್ರೊಫೆಸರ್ ಮಾಲಾ ಹೇಳಿದಂತೆ ದ್ರಾಕ್ಷಾಯಿಣಿ ಪ್ರಬಂಧ ಬರೆದಳು. ಯಂತ್ರಕ್ಕೆ ಈಗ ಚುನಾವಣೆ ಭಾಷಣ ನಿಲ್ಲಿಸಿ, ಸಂತೆಯಲ್ಲಿ, ಹೊಲದಲ್ಲಿ, ಅಡಿಗೆಮನೆಯಲ್ಲಿ ಜನ ಆಡುವ ಮಾತು ಉಣಿಸುತ್ತಿದ್ದಾಳೆ.

ಒಂದು ದಿನ ಗೌರಕ್ಕ ತಾವೇ ಲ್ಯಾಬಿಗೆ ಬಂದರು. ಮೊಬೈಲು ಮೇಜಿನ ಮೇಲಿಟ್ಟು, "ನನಗ ಇದರಾಗ ಆ ಬರಿಯೂ ಮಷೀನು ಹಾಕಿ ಕೊಡವಾ. ಮನ್ಯಾಗ ಎಲ್ಲಾರೂ ಏನ್ ಮಾತಾಡ್ತಾರ ನೋಡ್ತೇನಿ" ಎಂದರು. ದ್ರಾಕ್ಷಾಯಿಣಿ ಹಾಕಿಕೊಟ್ಟಳು. ಗೌರಕ್ಕ ಅಲ್ಲೇ ಕುಳಿತು ಉಮೇಶನನ್ನು ಮಾತಾಡಲು ಹಚ್ಚಿ, ಮೊಬೈಲು ಬಿಸಿಯಾಗುವವರೆಗೆ ಓದಿ ಹೋದರು.

ಮರುದಿನ ಕಾಲೇಜು ಬಿಡುವ ಹೊತ್ತಿಗೆ ರಾಜಪ್ಪನವರು ಲ್ಯಾಬಿನ ಬಾಗಿಲು ಸರಿಸಿ ಒಳಗೆ ಇಣುಕಿದರು. ದ್ರಾಕ್ಷಾಯಿಣಿಯ ಹೊರತು ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿರ ಬಂದು ದನಿ ತಗ್ಗಿಸಿದರು.

"ತಂಗಿ, ಮಷೀನು ಚೊಲೊ ಐತಿ. ಭಾಳ ಚೊಲೊ ಐತಿ. ಊಟದ ಹೊತ್ತಿನ್ಯಾಗ, ಪಲ್ಯಾಕ ಉಪ್ಪು ಹೆಚ್ಚಾದಾಗ, ನಾ ಸಣ್ಣ ದನೀಲೆ ಏನರೆ ಅಂದ್ರ, ಅದನ್ನ ಮಾತ್ರ ಬರೀಲಾರ್ದಂಗ ಮಾಡಾಕ ಬರತೈತೇನು?"