ಹಗುರ ಜೋಡು

ಶೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ ಅಂಗಡಿಯವನು, "ಸರಿಯಾಗಿ ಕೂತಿದೆ" ಎಂದ. ಅಶ್ವತ್ಥಮ್ಮ ಎದ್ದು ಅಂಗಡಿಯೊಳಗೇ ಅತ್ತಿತ್ತ ನಡೆದಳು. ಕಾಲಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಬಿಳಿ ಬಟ್ಟೆ, ನೀಲಿ ಪಟ್ಟಿ, ಅಡಿಯಲ್ಲಿ ದೋಸೆಯಷ್ಟು ತೆಳ್ಳನೆಯ ರಬ್ಬರು. ಬೆಂಚಿನ ಮೇಲೆ ಇನ್ನೊಂದು ಜೊತೆ ಬಿದ್ದಿತ್ತು. ಬೂದುಬಣ್ಣ, ದಪ್ಪ ಅಟ್ಟೆ. ಎತ್ತಿದರೆ ಕೈಗೇ ಭಾರ.

ಅವಳನ್ನು ರಾಬರ್ಟ್‌ಸನ್‌ಪೇಟೆಯ ಈ ಅಂಗಡಿಗೆ ಕಳಿಸಿದವರು ಕುಪ್ಪುಸ್ವಾಮಿ ಮಾಸ್ಟ್ರು. ಗಣಿ ಕೆಲಸದವರು. ಪ್ರಾಯದಲ್ಲಿ ಗಣಿಯ ತಂಡಕ್ಕೆ ಓಡಿದ್ದವರು ಈಗ ಪಾಳಿ ಮುಗಿಸಿ ಬಂದು ಸುತ್ತಲ ಊರಿನ ಹುಡುಗಿಯರನ್ನು ಓಡಿಸುತ್ತಿದ್ದರು. ಅವಳ ಒದ್ದೆಗಾಲನ್ನು ಸಿಮೆಂಟ್ ನೆಲದ ಮೇಲೆ ಊರಿಸಿ, ಮೂಡಿದ ಗುರುತನ್ನು ತೋರಿಸಿದ್ದರು. ನಡುವೆ ಇರಬೇಕಾದ ಹಳ್ಳವೇ ಅದರಲ್ಲಿರಲಿಲ್ಲ.

"ನೋಡಮ್ಮಾ, ನಿಂದು ತಟ್ಟೆ ಪಾದ. ದಿನಾ ಬೇತಮಂಗಲದ ಗಂಟ ಟಾರು ರೋಡಲ್ಲಿ ಓಡ್ತೀಯ. ದಪ್ಪ ಅಟ್ಟೆದೇ ತಗೋ. ಅಂದಚಂದ ನೋಡ್ಬೇಡ" ಎಂದಿದ್ದರು.

ಅಂಗಡಿಗೆ ಜೊತೆಯಲ್ಲಿ ಬಂದಿದ್ದ ಅಣ್ಣ ಮುನಿಸ್ವಾಮಪ್ಪ ಈಗ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. "ಕಾಲೂ ನಿಂದೇ, ಓಟಾನೂ ನಿಂದೇ. ನೀನೇ ಹೇಳು ಅಮ್ಮಣ್ಣಿ."

ರೈಲ್ವೆಯವರು ಓಟಗಾರ್ತಿಯರನ್ನು ಕೆಲಸಕ್ಕೆ ಆರಿಸುವುದು ವರ್ಷಕ್ಕೊಮ್ಮೆ. ಹೋದ ವರ್ಷ ಅವಳು ಒಂದೇ ಒಂದು ಹೆಜ್ಜೆಯಲ್ಲಿ ಅದನ್ನು ಕಳೆದುಕೊಂಡಿದ್ದಳು. ಈ ಸಲ ಬಿಟ್ಟರೆ ವಯಸ್ಸು ಮೀರುತ್ತದೆ. ಅವಳನ್ನು ನೋಡಿ ಒಪ್ಪಿದ್ದ ಬೂದಿಕೋಟೆಯ ಗಂಡಿನವರು ಈ ಆಯ್ಕೆ ಮುಗಿಯುವವರೆಗೆ ಮಾತ್ರ ಕಾಯುತ್ತೇವೆಂದಿದ್ದರು. ಆ ಒಂದು ಹೆಜ್ಜೆ ಅವಳ ಕಣ್ಣಿಗೆ ಕಟ್ಟಿತ್ತು. ಬೂದುಬಣ್ಣದ ಜೋಡು ಅದನ್ನು ಹಿಂದಕ್ಕೆಳೆಯುವಂತೆ ಕಂಡಿತು.

"ಬಿಳೀದೇ ಇರ್ಲಿ ಅಣ್ಣ."

"ಮಾಸ್ಟ್ರು ಬೈಯಲ್ವಾ?"

"ದಪ್ಪದ್ದು ನನ್ನ ಅಳತೇದು ಇರ್ಲಿಲ್ಲ ಅಂದ್ರಾಯ್ತು."

ಮೊದಮೊದಲು ಅವಳು ಓಡಲಿಲ್ಲ, ಹಾರಿದಳು. ಜೊತೆಗೆ ಓಡುವ ಮಾರಿಯಮ್ಮ ಬಹಳ ಹಿಂದೆ ಉಳಿಯುತ್ತಿದ್ದಳು. ಆಮೇಲೆ ಎಡ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದು ನೋವು ಕುಳಿತಿತು. ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗ. ಮೊದಲು ಮೈ ಬಿಸಿಯಾದರೆ ಮಾಯವಾಗುತ್ತಿತ್ತು, ಬರಬರುತ್ತ ಮಲಗಿದರೂ ಬಿಡಲಿಲ್ಲ. ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತಿ, ಮೇಲೆ ಕಾಲುಚೀಲ ಎಳೆದುಕೊಂಡಳು.

"ಎಡಗಾಲು ಯಾಕಮ್ಮಾ ಎಳೀತೀಯ?" ಎಂದು ಮಾಸ್ಟ್ರು ಒಂದು ದಿನ ಕೇಳಿದರು.

"ಏನೂ ಇಲ್ಲ ಮಾಸ್ಟ್ರೇ."

ಮಾಸ್ಟ್ರು ಕೈಯಲ್ಲಿದ್ದ ಗಡಿಯಾರ ನೋಡಿ ಸಮಯ ಬರೆದುಕೊಂಡರು. ಅವತ್ತು ಅವಳು ಎಂದಿಗಿಂತ ಬೇಗ ಓಡಿ ಬಂದಿದ್ದಳು.

ಮಾರಿಕುಪ್ಪಂನಲ್ಲಿ ರೈಲು ಹತ್ತಿ ಮಾಸ್ಟ್ರು, ಅಣ್ಣ, ಮಾರಿಯಮ್ಮ, ಅವಳು ನಾಲ್ವರೂ ಬೆಂಗಳೂರಿಗೆ ಹೋದರು. ಆರಿಸುವುದು ಇಬ್ಬರನ್ನು. ಕೊನೆಯ ಸುತ್ತಿನಲ್ಲಿ ಅಶ್ವತ್ಥಮ್ಮ ಎರಡನೆಯವಳಾಗಿದ್ದಳು, ಮುಂದಿನವಳ ಉಸಿರು ಕೇಳಿಸುವಷ್ಟು ಹತ್ತಿರ. ತಿರುವಿನಲ್ಲಿ ಒಣಸೌದೆ ಮುರಿದಂಥ ಸದ್ದಾಯಿತು. ಅದು ತನ್ನ ಮೈಯೊಳಗಿನದೆಂದು ಗೊತ್ತಾಗುವ ಹೊತ್ತಿಗೆ ಅವಳ ಬಾಯಿಗೆ ಮಣ್ಣು ಮೆತ್ತಿತ್ತು. ಎದ್ದು ಒಂಟಿಗಾಲಲ್ಲಿ ಕುಂಟಿದಳು, ಮತ್ತೆ ಬಿದ್ದಳು. ಮಾರಿಯಮ್ಮ ಪಕ್ಕದಲ್ಲೇ ಹಾದುಹೋದಳು. ಒಮ್ಮೆ ತಿರುಗಿ ನೋಡಿ ಮುಂದಕ್ಕೋಡಿದಳು. ಅವಳಿಗೂ ಕೆಲಸ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. "ಬಿರುಕು ಇವತ್ತಿನದಲ್ಲ, ಹಳೇದು. ಪೂರ್ತಿ ಮುರಿದದ್ದು ಇವತ್ತು. ನೋವಿರಲಿಲ್ವಾ?"

ಮುನಿಸ್ವಾಮಪ್ಪ ತಂಗಿಯ ಮುಖ ನೋಡಿದ. ಅವಳು ಗೋಡೆ ನೋಡಿದಳು.

ಮೂಳೆ ಕೂಡಿಕೊಂಡಿತು, ಆದರೆ ತುಸು ಸೊಟ್ಟಗೆ. ಬೂದಿಕೋಟೆಯವರು ಬೇರೆ ಕಡೆ ಹೆಣ್ಣು ನೋಡಿದರು. ಕಾಲಿನ ಪ್ಲಾಸ್ಟರು ಬಿಚ್ಚಿದ ಮೇಲೆ ಕುಪ್ಪುಸ್ವಾಮಿ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು ಅವಳ ಕಾಲನ್ನೇ ನೋಡಿದರು.

"ದಪ್ಪದ್ದು ಇವಳ ಅಳತೇದು ಸಿಗ್ಲಿಲ್ಲ ಮಾಸ್ಟ್ರೇ," ಎಂದ ಮುನಿಸ್ವಾಮಪ್ಪ ತಲೆ ತಗ್ಗಿಸಿ.

"ಇತ್ತು," ಎಂದಳು ಅಶ್ವತ್ಥಮ್ಮ. "ನಾನೇ ಬ್ಯಾಡ ಅಂದೆ. ನೋವನ್ನೂ ನಾನೇ ಮುಚ್ಚಿಟ್ಟೆ."

ಕುಪ್ಪುಸ್ವಾಮಿ ಅಂಗೈಯಿಂದ ಮುಖ ಒರೆಸಿಕೊಂಡರು. "ನೀನು ಕಾಲು ಎಳೀತಿದ್ದಿದ್ದು ನಂಗೆ ಗೊತ್ತಿತ್ತಮ್ಮಾ. ಬೇಕಂದಿದ್ರೆ ಓಡಿಸ್ದೆ ಕೂರಿಸಬೌದಿತ್ತು. ನನ್ನ ಕೈಲಿ ಪಳಗಿದೋಳು ಒಬ್ಳಾದ್ರೂ ಗೆಲ್ಲಲಿ ಅಂತಿತ್ತು ನಂಗೆ."

ಅವಳು ಸೊಟ್ಟಗಾಲನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಮಾಸ್ಟ್ರು ಹುಡುಗಿಯರನ್ನು ಓಡಿಸಲಿಲ್ಲವೆಂದು ಯಾರೋ ಹೇಳಿದರು.

ಅಶ್ವತ್ಥಮ್ಮ ಹಸು ನೋಡಿಕೊಂಡು ಮನೆಯಲ್ಲೇ ಉಳಿದಳು. ಒಂದು ಬೆಳಿಗ್ಗೆ ರಸ್ತೆಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಹಿಂದಿನಿಂದ ಓಟದ ಸದ್ದು ಕೇಳಿಸಿತು. ತಿರುಗದೆಯೇ ಕಿವಿಗೊಟ್ಟಳು. ಒಂದು ಹೆಜ್ಜೆ ಭಾರ, ಒಂದು ಹಗುರ. ಮತ್ತೆ ಒಂದು ಭಾರ, ಒಂದು ಹಗುರ. ಕುಡುಗೋಲು ಹಿಡಿದೇ ಎದ್ದು ನಿಂತಳು.

"ಮಾರೀ, ನಿಂತ್ಕೊಳೇ. ಯಾವ ಕಾಲು ನೋಯ್ತೈತೆ?"

ಮಾರಿಯಮ್ಮ ನಿಲ್ಲಲಿಲ್ಲ. ಬೆವೆತ ಮುಖದಲ್ಲಿ ನಕ್ಕಳು.

"ಏನೂ ಇಲ್ಲ ಕಣಕ್ಕ."

ಅಶ್ವತ್ಥಮ್ಮ ಹುಲ್ಲಿನ ಹೊರೆ ಅಲ್ಲೇ ಬಿಟ್ಟು, ಸೊಟ್ಟಗಾಲು ಎಳೆಯುತ್ತ ಅವಳ ಹಿಂದೆ ಟಾರು ರಸ್ತೆಗಿಳಿದಳು. ಮಾರಿಯಮ್ಮ ಆಗಲೇ ಏರಿನ ತುದಿಯಲ್ಲಿದ್ದಳು.