ಒಲೆಯಮ್ಮ ತಿರುಗಿ ನೋಡುವಷ್ಟು ಹೊತ್ತು

ಓಡಿಬಿಟ್ಟ, ಬೆದರಿದ ಇಲಿ ಗೋಡೆಯಂಚಿಗೆ ನುಗ್ಗುವ ಹಾಗೆ, ಹಳ್ಳಿಯ ಈ ತುದಿಯಲ್ಲಿದ್ದ ವೀರ ಅವಳು ಬಾಣದ ಕೀ ಮುಟ್ಟಿದ್ದೇ ತಡ ಆ ತುದಿಯ ಬೇಲಿಗೆ ಮುಖ ಒತ್ತಿಕೊಂಡು ನಿಂತಿದ್ದಾನೆ, ಕತ್ತಿ ಬೆನ್ನಿಗೆ, ಮೂಗು ಮುಳ್ಳಿಗೆ — ಇದು ಆಟದ ಹಳೆಯ ಪ್ರತಿ, ಅವಳ ರಿಪೇರಿಗೆ ಮುಂಚಿನದು, ತಪ್ಪಿ ಇದನ್ನೇ ತೆರೆದಿದ್ದಾಳೆ, ಆದರೂ ಮುಚ್ಚಲು ಮನಸ್ಸಾಗದೆ ಇನ್ನೊಮ್ಮೆ ಮುಟ್ಟಿದಳು, ಇನ್ನೊಮ್ಮೆ ಓಡಿದ, ನಗು ಬಂತು, ಪಾಪ ಅವನದೇನು ತಪ್ಪು, ಯಂತ್ರದ ಒಂದೊಂದು ಬಡಿತಕ್ಕೆ ಒಂದೊಂದು ಹೆಜ್ಜೆ ಇಡು ಎಂದು ಆ ಕಾಲದಲ್ಲಿ ಅವನಿಗೆ ಹೇಳಿಟ್ಟಿದ್ದರು, ಆಗಿನ ಕಂಪ್ಯೂಟರುಗಳ ನಾಡಿ ನಿಧಾನ, ಈಗಿನವಕ್ಕೆ ಜ್ವರ ಬಂದವರ ನಾಡಿ, ಅವನು ಕೊಟ್ಟ ಮಾತಿಗೆ ತಪ್ಪದೆ ಓಡುತ್ತಾನೆ, ಅಷ್ಟೆ. ಹೊಸ ಪ್ರತಿಯಲ್ಲಿ ಅವನ ಹೆಜ್ಜೆಯನ್ನು ಯಂತ್ರದಿಂದ ಬಿಡಿಸಿ ಗೋಡೆ ಗಡಿಯಾರಕ್ಕೆ ಕಟ್ಟಿದ್ದಾಳೆ, ಈಗ ಮನುಷ್ಯರ ಹಾಗೆ ನಡೆಯುತ್ತಾನೆ. ದೋಣಿಯವನು ಪ್ರಯಾಣಿಕ ಹತ್ತುವ ಮೊದಲೇ ಹೊರಟುಬಿಡುತ್ತಿದ್ದ, ಅವನನ್ನೂ ನಿಲ್ಲಿಸಿದ್ದಾಯಿತು, ಅಗಲದ ಪರದೆಯಲ್ಲಿ ಕುಳ್ಳಗೆ ದಪ್ಪಗೆ ಕಾಣುತ್ತಿದ್ದ ರಾಜನನ್ನು ಮೊದಲಿನ ಸಣಕಲಿಗೆ ತಂದದ್ದಾಯಿತು, ಉಳಿದದ್ದು ವೀರನ ಮನೆಯಲ್ಲಿ ಒಲೆಯ ಮುಂದೆ ಕೂತಿರುವ ಒಲೆಯಮ್ಮ ಒಬ್ಬಳೇ, ಅವಳೇ ಗಂಟಲ ಮುಳ್ಳು. ಕಚೇರಿಯ ಮುಖ್ಯಸ್ಥ ಬೆಳಿಗ್ಗೆ ಬಂದವರೇ ಅವಳ ಮೇಜಿನ ಮೇಲೆ ಲೋಟ ಇಟ್ಟು, ಇವತ್ತಾದ್ರೂ ಮುಗಿಯುತ್ತೇನಮ್ಮ ನಿಮ್ಮ ಒಲೆಯಮ್ಮನ ಕಥೆ, ಅಂದಿದ್ದರು, ಒಳ್ಳೆಯ ಮನುಷ್ಯ, ಆದರೆ ಬಾಯಿ ತೆರೆದರೆ ಗಡುವು, ಅದಕ್ಕೇ ಅವಳು ಮನಸ್ಸಿನಲ್ಲೇ ಅವರಿಗೆ ಗಡುವಪ್ಪ ಅಂತ ಹೆಸರಿಟ್ಟಿದ್ದಾಳೆ, ಒಂದು ದಿನ ಎದುರಿಗೇ ಬಾಯಿ ಜಾರುತ್ತದೆ. ಆಟ ಹೊಸ ಯಂತ್ರಗಳಿಗೆ ಬರುತ್ತಿದೆ ಎಂದು ಗೊತ್ತಾಗಿ ಹಳೆಯ ಆಟಗಾರರು ಮಾದರಿಯನ್ನು ಇಳಿಸಿಕೊಂಡು ಆಡಿದರು, ಹೊಗಳಿದರು, ಹೊಗಳಿಕೆಯ ಕೊನೆಯಲ್ಲಿ ಎಲ್ಲರದೂ ಒಂದೇ ಮಾತು, ಒಲೆಯಮ್ಮ ಯಾಕೆ ತಿರುಗಿ ನೋಡಲ್ಲ, ನಾವು ಊರೂರು ಅಲೆದು ಮನೆಗೆ ಬಂದರೆ ಮೊದಲು ತಿರುಗಿ ನೋಡ್ತಿದ್ದಳಲ್ಲ, ಅದನ್ನ ಯಾಕೆ ತೆಗೆದುಹಾಕಿದ್ರಿ. ತೆಗೆದುಹಾಕಿಲ್ಲ, ಕಣ್ರೀ, ಅವಳು ಪರದೆಗೆ ಹೇಳುತ್ತಾಳೆ, ತೆಗೆಯೋಕೆ ಮೊದಲು ಇರಬೇಕಲ್ಲ, ಆಟದ ಮೂಲ ಬರಹ ಯಾವತ್ತೋ ಕಳೆದುಹೋಗಿದೆ, ಉಳಿದದ್ದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕಿಗಳ ರಾಶಿ, ಅಡುಗೆ ಉಂಡು ಏನೇನು ಹಾಕಿದ್ದಾರೆ ಎಂದು ಹೇಳಿದ ಹಾಗೆ ಅದನ್ನು ಸಾಲು ಸಾಲಾಗಿ ಬಿಡಿಸಿದ್ದಾಳೆ, ಒಲೆಯಮ್ಮ ಕೂರುತ್ತಾಳೆ, ಸೌದೆ ಮುಂದೆ ತಳ್ಳುತ್ತಾಳೆ, ಮಾತಾಡಿಸಿದರೆ ಬಂದ್ಯಾ ಮಗಾ ಅನ್ನುತ್ತಾಳೆ, ಅದೂ ಬೆನ್ನು ಹಾಕಿಕೊಂಡೇ — ತಿರುಗು ಎನ್ನುವ ಅಪ್ಪಣೆ ಎಲ್ಲೂ ಇಲ್ಲ.

ಆದರೆ ನೋಡುತ್ತಿದ್ದಳು, ಇವಳೇ ಕಂಡಿದ್ದಾಳೆ, ಅಪ್ಪನ ರಿಪೇರಿ ಅಂಗಡಿಯ ಹಿಂದಿನ ಕೋಣೆ, ಕಾದ ಬೆಸುಗೆಯ ವಾಸನೆ, ಬಿಚ್ಚಿಟ್ಟ ರೇಡಿಯೊಗಳ ಹೊಟ್ಟೆ, ಯಾರೋ ರಿಪೇರಿಗೆ ಕೊಟ್ಟು ವಾಪಸ್ಸು ಒಯ್ಯದೆ ಬಿಟ್ಟ ಕಂಪ್ಯೂಟರು, ಅದರ ಮುಂದೆ ಸ್ಟೂಲಿನ ಮೇಲೆ ಅಕ್ಕ, ಅಕ್ಕನ ಬೆನ್ನಿಗೆ ಅಂಟಿಕೊಂಡು ಇವಳು, ನೀನು ಮುಟ್ಟಬೇಡ ಕಣೇ ಪಿಳ್ಳೆ, ನೋಡು ಅಷ್ಟೆ, ಸರಿ, ನೋಡಿದಳು, ವರ್ಷಗಟ್ಟಲೆ ನೋಡಿದಳು, ಆಮೇಲೆ ನೋಡುವುದೇ ಕಸುಬಾಯಿತು. ಬಾಗಿಲು ತೆರೆದರೆ ಒಳಗೆ ಒಲೆಯ ಕೆಂಪು, ಬಾಗಿಲ ಕಡೆ ತಿರುಗಿದ ಮುಖ, ಅರ್ಧಕ್ಕೆ ಬೆಳಕು, ಅರ್ಧಕ್ಕೆ ನೆರಳು, ಒಂದೇ ಕಣ್ಣು, ಆ ಕಣ್ಣು ನಮ್ಮನ್ನು ನೋಡಿ, ನೋಡಿ, ಮತ್ತೆ ಒಲೆಯ ಕಡೆಗೆ. ಇದನ್ನು ಎಲ್ಲಿಂದ ತರಲಿ ಈಗ, ಕಲ್ಪಿಸಿಕೊಂಡದ್ದಾ, ಸಾವಿರಾರು ಜನ ಒಟ್ಟಿಗೆ ಒಂದೇ ಸುಳ್ಳನ್ನು ನೆನಪಿಟ್ಟುಕೊಳ್ಳುತ್ತಾರಾ, ತಲೆ ಕೆರೆದುಕೊಂಡು ಕೊನೆಗೆ ಆಟಕ್ಕೆ ಚಿತ್ರ ಬರೆದಾಕೆಯನ್ನೇ ಹುಡುಕಿದಳು, ಈಗ ವಯಸ್ಸಾಗಿದೆ, ಬೀಜದ ಪೊಟ್ಟಣಗಳ ಮೇಲೆ ತರಕಾರಿ ಬರೆಯುತ್ತಾರಂತೆ, ಫೋನಿನಲ್ಲಿ ದನಿ ಗಟ್ಟಿ. ತಿರುಗಿ ನೋಡ್ತಾಳಾ, ಯಾರು, ಆ ಒಲೆ ಮುಂದೆ ಕೂತವಳಾ, ಇಲ್ಲಮ್ಮ, ಅವಳು ತಿರುಗೋದೇ ಇಲ್ಲ. ಹಾಗಾದರೆ ಬಾಗಿಲ ಕಡೆ ಮುಖ ಇರುವ ಚಿತ್ರ ನೀವು ಬರೆದೇ ಇಲ್ವಾ, ಎಂದು ಇವಳು ಕೇಳಿದಾಗ ಆ ಕಡೆಯಿಂದ ನಗು, ಬರೆದಿದ್ದೆ ಕಣಮ್ಮ, ಅದು ಅಳತೆಗೆ, ತಲೆ ಎಷ್ಟು ದೊಡ್ಡದು ಹೆಗಲು ಎಲ್ಲಿಗೆ ಬರುತ್ತೆ ಅಂತ ಮೊದಲು ಒಂದು ಹಾಕ್ಕೊತೀವಲ್ಲ, ಅದು, ಚಿತ್ರಗಳ ಪಟ್ಟಿಯಲ್ಲಿ ಮೊದಲನೇದು, ಅಳಿಸೋದು ಮರೆತಿದ್ದೆ ಅನ್ನಿಸುತ್ತೆ, ಇನ್ನೊಂದು ಕಣ್ಣೂ ಬರೀಲಿಲ್ಲ ಅದಕ್ಕೆ, ಊಟದ ಹೊತ್ತಾಗಿತ್ತು. ಊಟದ ಹೊತ್ತಾಗಿತ್ತು! ಇವಳು ಫೋನು ಹಿಡಿದುಕೊಂಡೇ ಎದ್ದು ನಿಂತಳು, ಪಕ್ಕದ ಮೇಜಿನವರು ತಲೆ ಎತ್ತಿದರು, ಕೂತಳು, ನೆರಳು ಅಂದುಕೊಂಡಿದ್ದೆವಲ್ಲ, ಒಲೆಯ ಬೆಳಕು ಬೀಳದ ಕಡೆ ಅಂದುಕೊಂಡಿದ್ದೆವಲ್ಲ, ಅದು ನೆರಳಲ್ಲ, ಬರೆಯದೆ ಬಿಟ್ಟ ಜಾಗ, ಇರಲಿ, ನೀವು ಆಟದಲ್ಲಿ ಅದನ್ನ ಯಾವತ್ತೂ ಕಂಡಿಲ್ವಾ ಅಂದಳು, ಇಲ್ಲಪ್ಪ, ನಮಗೆ ಕೊಟ್ಟಿದ್ದು ಆಗಿನ ಕಾಲಕ್ಕೆ ಎಲ್ಲಕ್ಕಿಂತ ಜೋರು ಕಂಪ್ಯೂಟರು, ಕಂಡಿದ್ರೆ ಅವತ್ತೇ ಅಳಿಸ್ತಿರಲಿಲ್ವಾ.

ಜೋರು ಕಂಪ್ಯೂಟರು, ಜೋರು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ, ನಿಧಾನದ್ದರಲ್ಲಿ ಕಾಣುತ್ತದೆ — ತಡಿ, ಎಂದುಕೊಂಡು ಇವಳು ಅಂಕಿಗಳ ರಾಶಿಯಲ್ಲಿ ಮನೆಯ ಬಾಗಿಲು ತೆರೆಯುವ ಆ ಒಂದು ಜಾಗವನ್ನು ಮತ್ತೆ ಬಿಚ್ಚುತ್ತಾಳೆ, ವೀರ ಹೊಸಿಲು ದಾಟುತ್ತಾನೆ, ಆಟ ಡಿಸ್ಕಿಗೆ ಹೇಳುತ್ತದೆ, ಒಳಗಿನವಳು ಹೇಗೆ ಕೂತಿದ್ದಾಳೆ ಹೇಳು, ಡಿಸ್ಕು ಗರಗರ ಎಂದು ಹುಡುಕುತ್ತದೆ, ಉತ್ತರ ಬರುವವರೆಗೆ ಪರದೆ ಖಾಲಿ ಬಿಡಬಾರದಲ್ಲ, ಪಟ್ಟಿಯ ಮೊದಲ ಚಿತ್ರವನ್ನೇ ಇಟ್ಟುಕೊಂಡಿರುತ್ತದೆ, ಮೊದಲ ಚಿತ್ರ, ಅಳತೆಯ ಚಿತ್ರ, ಒಂದೇ ಕಣ್ಣಿನದು, ಬಾಗಿಲ ಕಡೆ ಮುಖ. ಉತ್ತರ ಬಂದ ಮೇಲೆ ಬೆನ್ನು ತಿರುಗಿಸಿ ಕೂತ ಚಿತ್ರ. ಹಾಗಾದರೆ ಅವಳು ಈಗಲೂ ನೋಡುತ್ತಿದ್ದಾಳೆ, ಈ ಹೊಸ ಯಂತ್ರದಲ್ಲೂ, ಪ್ರತಿ ಸಲವೂ, ನಮ್ಮ ಕಣ್ಣಿಗೆ ಸಿಕ್ಕದಷ್ಟು ಬೇಗ ನೋಡಿ ತಿರುಗಿಕೊಳ್ಳುತ್ತಿದ್ದಾಳೆ, ಇವಳಿಗೆ ತೋಳಿನ ರೋಮ ನಿಂತಿತು, ತಮಾಷೆಯೂ ಅನ್ನಿಸಿತು, ಯಾರಿಗಾದರೂ ಹೇಳಬೇಕು ಅನ್ನಿಸಿತು, ಆದರೆ ಇನ್ನೂ ಒಂದು ಉಳಿದಿದೆ, ಅಂಗಳಕ್ಕೆ ಹೋಗಿ ತಕ್ಷಣ ಒಳಗೆ ಬಂದರೆ ಅಪ್ಪನ ಅಂಗಡಿಯ ಆ ಮುದಿ ಯಂತ್ರದಲ್ಲೂ ಅವಳು ನೋಡುತ್ತಿರಲಿಲ್ಲ, ಚೆನ್ನಾಗಿ ನೆನಪಿದೆ, ಅಕ್ಕ ಪರೀಕ್ಷೆ ಮಾಡಿದ್ದಳು, ಒಳಗೆ ಹೊರಗೆ ಒಳಗೆ ಹೊರಗೆ, ಉಹೂಂ, ದೂರ ಹೋಗಿ ಬಂದರೆ ಮಾತ್ರ — ಯಾಕೆ, ಯಾಕೆಂದರೆ ಹತ್ತಿರದಲ್ಲೇ ಇದ್ದರೆ ಯಂತ್ರಕ್ಕೆ ಮನೆ ನೆನಪಿರುತ್ತದೆ, ಡಿಸ್ಕನ್ನು ಕೇಳಬೇಕಿಲ್ಲ, ನದಿ ದಾಟಿ ಬೆಟ್ಟ ಹತ್ತಿದರೆ ಬೆಟ್ಟಕ್ಕೆ ಜಾಗ ಮಾಡಲು ಮನೆಯನ್ನು ಮರೆಯಬೇಕು, ಅಷ್ಟು ಚಿಕ್ಕ ತಲೆ ಅದರದು, ವಾಪಸ್ಸು ಬಂದಾಗ ಮನೆಯನ್ನು ಮೊದಲಿನಿಂದ ಓದಬೇಕು, ಓದುವಷ್ಟು ಹೊತ್ತು ಅವಳು ನೋಡುತ್ತಾಳೆ. ಯಂತ್ರ ಮರೆತದ್ದನ್ನು ಅವಳಿಗೆ ನಮ್ಮ ನೆನಪಾಗಿದೆ ಎಂದುಕೊಂಡೆವು, ಯಾರೂ ಬರೆಯದ ಪ್ರೀತಿ, ಎಷ್ಟು ನಿಧಾನದ ಯಂತ್ರವೋ ಅಷ್ಟು ಹೆಚ್ಚು ಹೊತ್ತು, ಒಳ್ಳೆಯ ಕಂಪ್ಯೂಟರು ಇದ್ದವರನ್ನು ಅವಳು ಒಮ್ಮೆ ಕಣ್ಣು ಹಾಯಿಸಿ ಬಿಟ್ಟಿರಬೇಕು, ನಮ್ಮನ್ನು ನೋಡಿದ್ದೇ ನೋಡಿದ್ದು. ಈಗಿನ ಯಂತ್ರ ಏನನ್ನೂ ಮರೆಯುವುದಿಲ್ಲ, ಅದಕ್ಕೇ ಯಾರಿಗೂ ಕಾಯುವುದಿಲ್ಲ.

ಗಡುವಪ್ಪನವರು ಎಲ್ಲವನ್ನೂ ಕೇಳಿದರು, ಆ ನೋಟ ಕಾಣುವಷ್ಟು ಹೊತ್ತು ಆಟವನ್ನು ಹೊಸಿಲಲ್ಲೇ ತಡೆಯೋಣ ಎಂದು ಇವಳು ಹೇಳಿದ್ದನ್ನೂ, ಕೇಳುತ್ತಾ ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತಿದ್ದರು, ಆಮೇಲೆ ಅಂದರು, ಅಂದ್ರೆ ಜನ ಹೊಸ ಯಂತ್ರ ತಗೊಂಡಿರೋದು ಬೇಗ ಆಗಲಿ ಅಂತ, ನಾವು ಬೇಕು ಅಂತಲೇ ತಡ ಮಾಡೋದು. ಹೌದು ಸರ್. ಪರೀಕ್ಷೆ ಮಾಡೋರು ಇದನ್ನ ಆಟ ಸಿಕ್ಕಿಹಾಕ್ಕೊಂಡಿದೆ ಅಂತ ಬರೀತಾರೆ. ಬರೀತಾರೆ ಸರ್. ಸರಿ, ಬೇಕಾದವರು ಹಾಕ್ಕೊಳ್ಳಲಿ ಬೇಡದವರು ಬಿಡಲಿ, ಒಂದು ಆಯ್ಕೆ ಇಡಿ, ಗುಂಡಿ ಇಡಿ. ಗುಂಡಿಗೆ ಏನಂತ ಬರೀಲಿ ಸರ್, ಅವಳು ನಿಮ್ಮನ್ನ ನೋಡಬೇಕೇ, ಹೌದು, ಬೇಡ, ಅಂತಲಾ. ಬೇಡ ಅಂತ ಯಾರು ಒತ್ತುತ್ತಾರೆ ಅನ್ನುವುದನ್ನು ಅವರು ಯೋಚಿಸುತ್ತಿದ್ದ ಹಾಗೆ ಕಂಡಿತು, ಎಷ್ಟು ಹೊತ್ತು ಮತ್ತೆ, ಅಂದರು, ಅದನ್ನಾದ್ರೂ ಗೊತ್ತು ಮಾಡಿ. ಎಷ್ಟು ಹೊತ್ತು, ಇದೇ ಈಗ ಅವಳಿಗೂ ಬಗೆಹರಿಯದ್ದು, ಒಂದು ನೋಟ ಎಷ್ಟು ಉದ್ದ ಇರಬೇಕು, ಯಾರ ಯಂತ್ರದ ಅಳತೆಗೆ, ಬೇರೆ ದಾರಿ ಕಾಣದೆ ಅಕ್ಕನಿಗೆ ಫೋನು ಮಾಡಿದಳು, ಅಕ್ಕ ನಗರ ಸಾರಿಗೆಯ ಬಸ್ಸು ಓಡಿಸುತ್ತಾಳೆ, ಸಿಗುವುದು ಗಾಡಿ ಡಿಪೋದಲ್ಲಿ ನಿಂತಾಗ ಮಾತ್ರ, ಹಿಂದೆ ಎಂಜಿನ್ನಿನ ಗುಡುಗು, ಏನೇ ಪಿಳ್ಳೆ, ತಲೆ ನರೆತರೂ ಪಿಳ್ಳೆ, ಒಲೆಯಮ್ಮನಾ, ಮರೆಯೋದುಂಟಾ. ಆಗ ಇವಳು ಯಾವತ್ತೂ ಕೇಳದೆ ಇದ್ದದ್ದನ್ನು ಕೇಳಿಬಿಟ್ಟಳು, ನೀನ್ಯಾಕೆ ಆಟ ಮುಗಿಸಲೇ ಇಲ್ಲ, ಬೆಟ್ಟದ ತುದಿವರೆಗೆ ಹೋಗಿ, ರಾಕ್ಷಸ ಎದುರಿಗೇ ಇದ್ದಾಗ, ತಿರುಗಿ ಮನೆಗೆ ಬರ್ತಿದ್ದೆ, ನನಗೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ, ಹೆದರುಪುಕ್ಕಲಿ ಅಂದುಕೊಂಡಿದ್ದೆ. ಎಂಜಿನ್ನು ನಿಂತಿತು, ಅಕ್ಕನೇ ನಿಲ್ಲಿಸಿರಬೇಕು. ರಾಕ್ಷಸನ್ನ ಕಟ್ಕೊಂಡು ನನಗೇನಾಗಬೇಕಿತ್ತೇ, ಅಂದಳು, ನಾನು ಹೋಗ್ತಿದ್ದಿದ್ದೇ ವಾಪಸ್ಸು ಬರೋಕೆ. ಆಮೇಲೆ ಅದೇ ಸರಾಗ ದನಿಯಲ್ಲಿ, ಅಮ್ಮ ಆಗ ರಾತ್ರಿ ಪಾಳಿ ಅಲ್ವಾ, ಆಸ್ಪತ್ರೆ ಬಟ್ಟೆ ಒಗೆಯೋ ಕೆಲಸ, ನಾವು ಸ್ಕೂಲಿಂದ ಬಂದಾಗ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರೋಳು, ಎಬ್ಬಿಸಬೇಡಿ ಅಂತ ಅಪ್ಪ ಬೆರಳು ತೋರಿಸೋನು, ನೀನು ಚಿಕ್ಕೋಳು, ನಿನಗೆ ನಾನಿದ್ದೆ. ಇವಳ ಕಣ್ಣಿಗೆ ಆ ಕೋಣೆ ಬಂತು, ಚಾಪೆ, ಚಾಪೆಯ ಮೇಲೆ ಅಮ್ಮನ ಬೆನ್ನು, ಒಣಗಿ ಬಿರುಕು ಬಿಟ್ಟ ಹಿಮ್ಮಡಿ, ಚೀಲ ಇಳಿಸುವಾಗ ಬಕಲು ಸದ್ದಾಗದ ಹಾಗೆ ಅಕ್ಕ ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದುದು, ತಾನು ಅಕ್ಕನ ಬೆನ್ನಿಗೆ ಅಂಟಿಕೊಂಡು ಅದನ್ನೂ ನೋಡಿದ್ದಳು, ಅದೂ ಇದೂ ಒಂದೇ ಎಂದು ಗೊತ್ತಾಗಲಿಲ್ಲ ಅಷ್ಟೆ. ಬರ್ತೀಯಾ ಅಕ್ಕ, ಅಂದಳು, ಒಂದ್ಸಲ ಆಡಿ ಹೇಳು ಸಾಕು, ಎಷ್ಟು ಹೊತ್ತು ಅಂತ. ಡ್ಯೂಟಿ ಇಳಿದು ಬರ್ತೀನಿ, ಅಂದಳು ಅಕ್ಕ, ತಿನ್ನೋಕೆ ಏನಾದ್ರೂ ಇಟ್ಟಿರು.

ಬಂದಳು, ಖಾಕಿ ಅಂಗಿಯಲ್ಲೇ, ಮೆಟ್ಟಿಲು ಹತ್ತಿ ಉಸಿರು ಬಿಡುತ್ತಾ, ಮೇಜುಗಳ ಸಾಲನ್ನು ತನ್ನ ಬಸ್ಸಿನ ಸೀಟುಗಳನ್ನು ನೋಡುವ ಹಾಗೆ ನೋಡಿ, ಕುರ್ಚಿಯನ್ನು ಎಳೆದು ಎತ್ತರ ಸರಿಮಾಡಿಕೊಂಡು ಕೂತಳು, ದಪ್ಪ ಬೆರಳುಗಳು ಕೀಬೋರ್ಡಿನ ಮೇಲೆ ಬಿದ್ದದ್ದೇ ತಾವಾಗಿ ಜಾಗ ಹಿಡಿದವು, ಗಡುವಪ್ಪನವರು ಯಾವುದೋ ಕೆಲಸವಿದ್ದವರಂತೆ ಅಲ್ಲೇ ಕಿಟಕಿಯ ಹತ್ತಿರ ಸುಳಿಯುತ್ತಿದ್ದಾರೆ. ಅಕ್ಕ ಬರುವಷ್ಟರಲ್ಲೇ ಇವಳು ಯಂತ್ರಕ್ಕೆ ಮರೆಯುವುದನ್ನು ಕಲಿಸಿದ್ದಾಳೆ, ನದಿ ದಾಟಿದರೆ ಮನೆಯನ್ನು ಮರೆ, ಹೊಸಿಲು ತುಳಿದರೆ ಮೊದಲಿನಿಂದ ಓದು, ನಿಧಾನಕ್ಕೆ ಓದು, ಎಷ್ಟು ನಿಧಾನಕ್ಕೆ ಎನ್ನುವುದನ್ನು ಮಾತ್ರ ತುಂಬದೆ ಬಿಟ್ಟಿದ್ದಾಳೆ, ಅಕ್ಕ ಸಾಕು ಅಂದಾಗ ತಾನೇ ಒತ್ತಿ ಮುಗಿಸುವ ಹಾಗೆ ಒಂದು ಕೀಯನ್ನು ತನ್ನ ಕಡೆ ಇಟ್ಟುಕೊಂಡಿದ್ದಾಳೆ, ಆ ಅಂತರವನ್ನೇ ಅಳೆದು ಆಟಕ್ಕೆ ಕೊಡುವುದು. ಅಕ್ಕ ನಡೆಸಿದಳು, ದೋಣಿ, ನದಿ, ಕಲ್ಲಿನ ದಾರಿ, ಬೆಟ್ಟ, ತಿರುವಿನಲ್ಲಿ ಕತ್ತನ್ನೂ ಓರೆ ಮಾಡುತ್ತಾಳೆ ಬಸ್ಸಿನಲ್ಲಿ ಕೂತ ಹಾಗೆ, ತುದಿಯ ಗವಿಯಲ್ಲಿ ರಾಕ್ಷಸ ಎದ್ದು ನಿಂತು ಗರ್ಜಿಸಿದ, ಇರಪ್ಪ, ಅಂದಳು ಅವನಿಗೆ, ಬೆನ್ನು ತಿರುಗಿಸಿದಳು, ಬೆಟ್ಟ ಇಳಿದಳು, ನದಿ ದಾಟಿದಳು, ಕಿಟಕಿಯ ಹತ್ತಿರ ಸುಳಿದಾಟ ನಿಂತಿದೆ, ಅಂಗಳ, ಬೇಲಿ, ಹೊಸಿಲು, ಬಾಗಿಲು ತೆರೆಯಿತು, ಒಲೆಯ ಕೆಂಪು, ಬಾಗಿಲ ಕಡೆ ತಿರುಗಿದ ಮುಖ. ಅಕ್ಕನ ಕೈ ಕೀಬೋರ್ಡಿನಿಂದ ಎದ್ದು ಮಡಿಲಿಗೆ ಬಂತು. ಇವಳು ಪರದೆಯನ್ನೊಮ್ಮೆ ಅಕ್ಕನನ್ನೊಮ್ಮೆ ನೋಡುತ್ತಾಳೆ, ಸಾಕಾ ಎಂದು ಕೇಳಬೇಕು, ಅಪ್ಪನ ಯಂತ್ರವಾಗಿದ್ದರೆ ಇಷ್ಟರಲ್ಲಿ ಓದಿ ಮುಗಿಸಿ ಬೆನ್ನು ತಿರುಗಿಸಿಬಿಡುತ್ತಿತ್ತು, ಅದಕ್ಕಿಂತ ಹೆಚ್ಚಾಯಿತು, ಆಟಕ್ಕೆ ಹೆಚ್ಚಾಯಿತು, ಇನ್ನು ಒತ್ತಬೇಕು, ಬೆರಳು ಕೀಯ ಮೇಲೆಯೇ ಇದೆ, ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು, ಬಿಟ್ಟದ್ದು ಇನ್ನೂ ಕೇಳಿಸಿಲ್ಲ, ಕಿಟಕಿಯ ಕಡೆಯಿಂದ ಗಡುವಪ್ಪನವರು ಮೆಲ್ಲಗೆ, ಇರಲಿ ಬಿಡಿ, ಅವಸರ ಏನಿಲ್ಲ, ಅಂದರು, ಅವರ ಬಾಯಲ್ಲಿ ಈ ಮಾತು, ಅವರೂ ನೋಡುತ್ತಿದ್ದಾರೆ ಹಾಗಾದರೆ, ಅಕ್ಕ ಸಾಕು ಅನ್ನುತ್ತಿಲ್ಲ, ಇವಳು ಒತ್ತುತ್ತಿಲ್ಲ, ಒಲೆಯ ಕೆಂಪು, ಅರ್ಧಕ್ಕೆ ಬೆಳಕು, ಇನ್ನರ್ಧ ಬರೆಯದೆ ಬಿಟ್ಟದ್ದು, ಒಂದೇ ಕಣ್ಣು, ಬಾಗಿಲ ಕಡೆಗೆ, ಒಂದೇ ಕಣ್ಣು —